ಮೂತ್ರದಲ್ಲಿ ಉಳಿಯುವ ಕಾಫಿಯ ಗುರುತು

ಮೂಡಿಗೆರೆಯ ತೋಟದ ಮನೆಯೊಂದರಲ್ಲಿ ಬೆಳಿಗ್ಗೆ ಎರಡು ಲೋಟ ಕಾಫಿ ಕುಡಿದವರ ಅರ್ಧ ಮಿಲಿಲೀಟರ್ ಮೂತ್ರಕ್ಕೆ ತುಸು ಭಾರಜಲ ಬೆರೆಸಿ, ಪೆನ್ಸಿಲ್ಲಿಗಿಂತ ಸಪೂರವಾದ ಗಾಜಿನ ನಳಿಕೆಯಲ್ಲಿ ಎನ್‌ಎಂಆರ್ (ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್, ಎಂದರೆ ನ್ಯೂಕ್ಲಿಯಸ್‌ಗಳ ಕಾಂತೀಯ ಅನುರಣನೆ) ಯಂತ್ರದೊಳಕ್ಕೆ ಇಳಿಸಿದರೆ, ಕೆಲವೇ ನಿಮಿಷಗಳಲ್ಲಿ ಪರದೆಯ ಮೇಲೆ ನೂರಾರು ಮೊನೆಗಳುಳ್ಳ ಒಂದು ಗೆರೆ ಮೂಡುತ್ತದೆ. ಅದರ ಎಡತುದಿಯಲ್ಲಿ, 9.1 ಪಿಪಿಎಂ (ಆವರ್ತನದ ಸರಿತವನ್ನು ಹತ್ತು ಲಕ್ಷದಲ್ಲಿ ಇಷ್ಟು ಭಾಗವೆಂದು ಹೇಳುವ ಮಾನ) ಎಂಬ ಗುರುತಿನ ಬಳಿ, ಉಳಿದವುಗಳ ಸಂತೆಯಿಂದ ದೂರದಲ್ಲಿ ಒಂಟಿಯಾಗಿ ನಿಂತಿರುವ ಸಣ್ಣ ಮೊನೆಯೇ ಕಾಫಿ ಬೀಜದಲ್ಲಿರುವ ಟ್ರೈಗೊನೆಲಿನ್. ಆದರೆ ಆ ವಸ್ತುವಿಗೆ ಹೆಸರು ಬಂದದ್ದು ಕಾಫಿಯಿಂದಲ್ಲ, ಮೆಂತ್ಯದ ಸಸ್ಯನಾಮದಿಂದ. ಪರದೇಶದ ಪ್ರಯೋಗಾಲಯದವರು ‘ಕಾಫಿ ಕುಡಿದಿದ್ದಾರೆ’ ಎಂದು ಓದುವ ಮೊನೆಯನ್ನು ನಮ್ಮ ಕಡೆ ಓದುವವರು, ಸಕ್ಕರೆ ಕಾಯಿಲೆಗೆಂದು ನೆನೆಸಿದ ಮೆಂತ್ಯ ನುಂಗುವ ಅಭ್ಯಾಸವಿದೆಯೇ ಎಂದೂ ವಿಚಾರಿಸಬೇಕಾಗುತ್ತದೆ.

ಯಂತ್ರ ಮಾಡುವ ಕೆಲಸ ಇಷ್ಟು. ಹೈಡ್ರೋಜನ್ನಿನ ನ್ಯೂಕ್ಲಿಯಸ್ ಒಂದು ಪುಟ್ಟ ಅಯಸ್ಕಾಂತ. ಬಲವಾದ ಕಾಂತಕ್ಷೇತ್ರದಲ್ಲಿಟ್ಟು ರೇಡಿಯೋ ತರಂಗ ಹಾಯಿಸಿದಾಗ ಅದು ನಿರ್ದಿಷ್ಟ ಆವರ್ತನದಲ್ಲಿ ಓಗೊಡುತ್ತದೆ. ಅಣುವಿನಲ್ಲಿ ಅದರ ಅಕ್ಕಪಕ್ಕ ಯಾವ ಪರಮಾಣುಗಳಿವೆ ಎಂಬುದಕ್ಕೆ ತಕ್ಕಂತೆ ಆ ಆವರ್ತನ ಕೂದಲೆಳೆಯಷ್ಟು ಸರಿಯುತ್ತದೆ. 1945ರ ಕೊನೆ ಹಾಗೂ 1946ರ ಮೊದಲಲ್ಲಿ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಅವರ ತಂಡಗಳು ಬೇರೆಬೇರೆಯಾಗಿ ಈ ಅನುರಣನೆಯನ್ನು ಕಂಡವು. ಎಥೆನಾಲ್ ಒಂದೇ ವಸ್ತುವಾದರೂ ಅದರ ಹೈಡ್ರೋಜನ್‌ಗಳು ಮೂರು ಪ್ರತ್ಯೇಕ ಮೊನೆಗಳಾಗಿ ಕಾಣುತ್ತವೆಂದು 1951ರಲ್ಲಿ ತೋರಿಸಿದ ಮೂವರಲ್ಲಿ ಒಬ್ಬರು ಭಾರತದ ಎಸ್. ಎಸ್. ಧರ್ಮಟ್ಟಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಈ ವಿದ್ಯೆಯನ್ನು ನೆಲೆಗೊಳಿಸಿದವರೂ ಅವರೇ. ಇಂದಿನ 600 ಮೆಗಾಹರ್ಟ್ಸ್ ಯಂತ್ರದ ಕಾಂತಕ್ಷೇತ್ರ 14.1 ಟೆಸ್ಲಾ, ಎಂದರೆ ನಮ್ಮ ಊರುಗಳಲ್ಲಿ ದಿಕ್ಸೂಚಿಯನ್ನು ತಿರುಗಿಸುವ ಭೂಕಾಂತಕ್ಕಿಂತ ಮೂರು ಲಕ್ಷ ಪಟ್ಟಿಗೂ ಹೆಚ್ಚು. ಇಷ್ಟಾದರೂ ಹತ್ತು ಲಕ್ಷ ನ್ಯೂಕ್ಲಿಯಸ್‌ಗಳಲ್ಲಿ ಕ್ಷೇತ್ರದ ಕಡೆ ವಾಲಿದವು ಎದುರು ಪಕ್ಷಕ್ಕಿಂತ ಸುಮಾರು ಐವತ್ತು ಮಾತ್ರ ಹೆಚ್ಚಾಗಿರುತ್ತವೆ. ಕೇಳಿಬರುವುದೆಲ್ಲ ಆ ಐವತ್ತರ ಪಿಸುಮಾತು. ಹಾಸನದ ಇಸ್ರೋ ನಿಯಂತ್ರಣ ಕೇಂದ್ರದ ತಟ್ಟೆಗಳು ಉಪಗ್ರಹಗಳ ಕ್ಷೀಣ ಸಂಕೇತಕ್ಕೆ ಕಿವಿಗೊಡುವುದನ್ನು ಬಲ್ಲವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ಎಂಆರ್‌ಐ ಸ್ಕ್ಯಾನ್ ಕೂಡ ಇದೇ ತತ್ತ್ವದ್ದು; ರೋಗಿಗಳು ಬೆದರಬಾರದೆಂದು ‘ನ್ಯೂಕ್ಲಿಯರ್’ ಎಂಬ ಪದವನ್ನು ಅಲ್ಲಿ ಕೈಬಿಟ್ಟರು.

ರೋಗಪತ್ತೆಗೆ ಇದು ಒದಗುವ ಬಗೆಗೆ ಮೀನುವಾಸನೆಯ ಕಾಯಿಲೆ ಒಳ್ಳೆಯ ನಿದರ್ಶನ. ಕರುಳಿನ ಸೂಕ್ಷ್ಮಜೀವಿಗಳು ತಯಾರಿಸುವ ಟ್ರೈಮಿಥೈಲಮೀನ್ ಎಂಬ ನಾರುವ ವಸ್ತುವನ್ನು ಯಕೃತ್ತಿನ ಒಂದು ಕಿಣ್ವ ವಾಸನೆಯಿಲ್ಲದ ಆಕ್ಸೈಡ್ ಆಗಿ ಮಾರ್ಪಡಿಸುತ್ತದೆ. ಹುಟ್ಟಿನಿಂದಲೇ ಆ ಕಿಣ್ವದಲ್ಲಿ ದೋಷವಿದ್ದವರು ಎಷ್ಟು ಮಿಂದರೂ ಬೆವರು ನಾರುತ್ತದೆ, ಸುತ್ತಲಿನವರು ಕೊಳಕರೆಂದು ದೂರವಿಡುತ್ತಾರೆ. ಎನ್‌ಎಂಆರ್ ಗೆರೆಯಲ್ಲಿ ಇವೆರಡೂ ಬೇರೆಬೇರೆ ಮೊನೆಗಳು. ಘಟ್ಟ ಹತ್ತಿ ಬಂದ ಸಮುದ್ರದ ಮೀನನ್ನು ಉಂಡ ಆರೋಗ್ಯವಂತರ ಮೂತ್ರದಲ್ಲೂ ಆಕ್ಸೈಡ್ ಏರುವುದರಿಂದ, ವೈದ್ಯರು ನೋಡಬೇಕಾದದ್ದು ಒಂದರ ಎತ್ತರವನ್ನಲ್ಲ, ಎರಡರ ಅನುಪಾತವನ್ನು.

ವ್ಯಕ್ತಿಗೆ ತಕ್ಕ ಔಷಧಿ ಎಂಬ ಮಾತನ್ನು ಈಗ ಎಲ್ಲರೂ ಜೀನುಗಳ ಲೆಕ್ಕದಲ್ಲೇ ಆಡುತ್ತಾರೆ. ನನಗೆ ಹೆಚ್ಚು ಮನವರಿಕೆಯಾಗಿರುವುದು 2009ರಲ್ಲಿ ಪ್ರಕಟವಾದ, ಸಾಮಾನ್ಯ ಪ್ಯಾರಾಸಿಟಮಾಲ್ ಮಾತ್ರೆ ಕುರಿತ ಒಂದು ಅಧ್ಯಯನ. ಆರೋಗ್ಯವಂತರಾದ 99 ಗಂಡಸರ ಮೂತ್ರವನ್ನು ಮಾತ್ರೆ ನುಂಗುವ ಮೊದಲೂ ಅನಂತರವೂ ಎನ್‌ಎಂಆರ್‌ನಲ್ಲಿ ನೋಡಲಾಯಿತು. ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಪ್ಯಾರಾ-ಕ್ರೆಸಾಲ್ ಎಂಬ ವಸ್ತುವನ್ನು ತಯಾರಿಸುತ್ತವೆ. ದೇಹ ಅದಕ್ಕೆ ಸಲ್ಫೇಟ್ ಅಂಟಿಸಿ ಹೊರಹಾಕುತ್ತದೆ. ಪ್ಯಾರಾಸಿಟಮಾಲನ್ನು ಸಾಗಹಾಕುವುದಕ್ಕೂ ದೇಹ ಅದೇ ಸಲ್ಫೇಟಿನ ಗಂಟಿಗೆ ಕೈ ಹಾಕುತ್ತದೆ. ಹೀಗಾಗಿ, ಮೊದಲೇ ಕ್ರೆಸಾಲ್ ಸಲ್ಫೇಟ್ ಹೆಚ್ಚಿದ್ದವರಲ್ಲಿ ಔಷಧಿ ಸಲ್ಫೇಟಿನ ದಾರಿ ಕಡಿಮೆ ಹಿಡಿದು, ಗ್ಲೂಕುರೋನೈಡ್ ಎಂಬ ಇನ್ನೊಂದು ದಾರಿಯಲ್ಲಿ ಹೆಚ್ಚು ಹೋಯಿತು. ಮಾತ್ರೆ ನುಂಗುವ ಮೊದಲಿನ ಮೂತ್ರವೇ, ಮಾತ್ರೆ ಮುಂದೆ ಯಾವ ದಾರಿ ಹಿಡಿದೀತು ಎಂಬುದರ ಸುಳಿವು ಕೊಟ್ಟಿತು. ಆ ಸುಳಿವು ಇದ್ದದ್ದು ಮನುಷ್ಯನ ಜೀನಿನಲ್ಲಲ್ಲ, ಅವನ ಹೊಟ್ಟೆಯೊಳಗಿನ ಒಕ್ಕಲುಗಳಲ್ಲಿ.

ಈ ಯಂತ್ರಕ್ಕೆ ಮಿತಿಗಳೂ ಇವೆ. ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಹಿಡಿಯುವಷ್ಟು ಅತ್ಯಲ್ಪ ಪ್ರಮಾಣಗಳನ್ನು ಎನ್‌ಎಂಆರ್ ಹಿಡಿಯಲಾರದು. ಅದರ ಕಾಂತಕ್ಷೇತ್ರವನ್ನು ಹುಟ್ಟಿಸುವ ಅತಿವಾಹಕ (ಅತಿ ತಣ್ಣಗಿದ್ದಾಗ ವಿದ್ಯುತ್ತಿಗೆ ತಡೆಯೊಡ್ಡದ) ಸುರುಳಿಯನ್ನು ಸುಮಾರು ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿಸಿಡುವ ಖರ್ಚು ಜಿಲ್ಲಾ ಆಸ್ಪತ್ರೆಗಳ ಕೈಗೆಟುಕುವಂಥದ್ದಲ್ಲ. ಆದ್ದರಿಂದ ಕಳಸದಲ್ಲಿ ಹಿಡಿದ ಮೂತ್ರ ಕೊಟ್ಟಿಗೆಹಾರ, ಮೂಡಿಗೆರೆ, ಬೇಲೂರು, ಹಾಸನ ದಾಟಿ ಬೆಂಗಳೂರಿನಂಥ ಊರಿಗೇ ಹೋಗಬೇಕು. ಹಾದಿಯಲ್ಲಿ ಬಾಟಲಿ ಬೆಚ್ಚಗಾದರೆ ಅದರೊಳಗಿನ ಬ್ಯಾಕ್ಟೀರಿಯಾಗಳು ಆಕ್ಸೈಡನ್ನು ಮತ್ತೆ ಟ್ರೈಮಿಥೈಲಮೀನ್ ಮಾಡಿಬಿಡಬಲ್ಲವು. ಆಗ ಕಾಯಿಲೆಯೇ ಇಲ್ಲದವರ ಮೇಲೆ ಮೀನುವಾಸನೆಯ ಕಾಯಿಲೆ ಹೊರಿಸಿದಂತಾಗುತ್ತದೆ. ಹಾಗಾಗಿ ಬಾಟಲಿಯ ಚೀಟಿಯಲ್ಲಿ ಹೆಸರು, ವಯಸ್ಸುಗಳಿಗಷ್ಟೇ ಅಲ್ಲ, ಮೂತ್ರ ಹಿಡಿದ ಹೊತ್ತು, ಮಂಜುಗಡ್ಡೆಗೆ ಸೇರಿದ ಹೊತ್ತು, ಹಿಂದಿನ ದಿನದ ಊಟ, ನುಂಗಿದ ಮಾತ್ರೆ, ಕುಡಿದ ಕಾಫಿಯ ಲೋಟಗಳ ಲೆಕ್ಕ, ಇಷ್ಟಕ್ಕೂ ಜಾಗ ಬಿಟ್ಟಿರಬೇಕು.