ಕೋರ್ಟಿನಲ್ಲಿ ಗೆದ್ದೂ ನೆಲ ಕಳೆದುಕೊಂಡ ಚೆರೋಕಿಗಳು

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ನ್ಯೂ ಎಕೋಟಾ ಎಂಬ ಊರಿತ್ತು; ಅಲ್ಲಿನ ಮೂಲನಿವಾಸಿಗಳಾದ ಚೆರೋಕಿಗಳ ರಾಜಧಾನಿ ಅದು. 1950ರ ದಶಕದಲ್ಲಿ ಅಲ್ಲಿ ನೆಲ ಅಗೆದಾಗ ಸೀಸದ ಅಚ್ಚುಮೊಳೆಗಳು ಸಿಕ್ಕವು. ಅವು ಚೆರೋಕಿ ಭಾಷೆಯ ಪತ್ರಿಕೆ ಅಚ್ಚಾಗುತ್ತಿದ್ದ ಮೊಳೆಗಳು. ಸ್ವಂತ ಲಿಪಿ, ಪತ್ರಿಕೆ, ಸಂವಿಧಾನ ಎಲ್ಲವೂ ಇದ್ದ ಒಂದು ಜನಾಂಗವನ್ನು ಅದರ ಮನೆಗಳಿಂದ ಎಬ್ಬಿಸಿ ಅಟ್ಟಿದ ಕಥೆ ಇದು.

ಆ ಲಿಪಿಯನ್ನು ಕಟ್ಟಿದವನು ಸಿಕ್ವೋಯಾ. ಇಂಗ್ಲಿಷ್ ಓದು ಬರಹ ಬಾರದ ಮನುಷ್ಯ. ವರ್ಷಗಟ್ಟಲೆ ತಲೆ ಕೆಡಿಸಿಕೊಂಡು 1821ರ ಹೊತ್ತಿಗೆ ಲಿಪಿಯನ್ನು ಸಿದ್ಧಪಡಿಸಿದ. ನಮ್ಮ ಕಾಗುಣಿತದ ಹಾಗೆ ಒಂದೊಂದು ಉಚ್ಚಾರಕ್ಕೂ ಒಂದೊಂದು ಅಕ್ಷರ; ಆದರೆ ನಮ್ಮಲ್ಲಿ ಕ, ಕಿ, ಕೆಗಳ ನಡುವೆ ಕಾಣುವ ಹೋಲಿಕೆ ಅಲ್ಲಿಲ್ಲ, ಪ್ರತಿ ಅಕ್ಷರಕ್ಕೂ ಬೇರೆಯದೇ ರೂಪ. ಜನ ಅದನ್ನು ಬೇಗ ಕಲಿತರು. 1828ರ ಫೆಬ್ರವರಿಯಲ್ಲಿ 'ಚೆರೋಕಿ ಫೀನಿಕ್ಸ್' ಪತ್ರಿಕೆ ಚೆರೋಕಿ, ಇಂಗ್ಲಿಷ್ ಎರಡೂ ಭಾಷೆಗಳಲ್ಲಿ ಹೊರಬಂತು.

ಸಂಕಟದ ಬೇರು ಇನ್ನೂ ಹಿಂದಿನದು. 1791ರ ಹೋಲ್ಸ್ಟನ್ ಒಪ್ಪಂದದಲ್ಲಿ ಅಮೆರಿಕ ಸರ್ಕಾರ, ಬಿಟ್ಟುಕೊಡದೆ ಉಳಿದಿರುವ ನೆಲವೆಲ್ಲ ನಿಮ್ಮದೇ ಎಂದು ಚೆರೋಕಿಗಳಿಗೆ ಮಾತು ಕೊಟ್ಟಿತು. 1802ರಲ್ಲಿ ಅದೇ ಸರ್ಕಾರ ಜಾರ್ಜಿಯಾದಿಂದ ಪಶ್ಚಿಮದ ಭೂಮಿ ಪಡೆದು, ನಿಮ್ಮ ಗಡಿಯೊಳಗೆ ಮೂಲನಿವಾಸಿಗಳ ಹಕ್ಕೇ ಉಳಿಯದಂತೆ ಮಾಡುತ್ತೇವೆ ಎಂದಿತು. ಒಂದೇ ನೆಲದ ಬಗ್ಗೆ ಇಬ್ಬರಿಗೂ ಮಾತು ಕೊಟ್ಟಾಗಿತ್ತು. ಮುಂದೆ ನಡೆದದ್ದನ್ನು ಅರ್ಥ ಮಾಡಿಕೊಳ್ಳಲು ಈ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

1820ರ ದಶಕದ ಕೊನೆಗೆ ಜಾರ್ಜಿಯಾದ ಡಲೋನೆಗಾ ಎಂಬಲ್ಲಿನ ಸುತ್ತ ಚಿನ್ನ ಸಿಕ್ಕಿತು, ಜನ ನುಗ್ಗಿದರು. ಜಾರ್ಜಿಯಾ ತನ್ನ ಕಾನೂನನ್ನು ಚೆರೋಕಿಗಳ ಮೇಲೆ ಹೇರಿತು. ಬಿಳಿಯನ ವಿರುದ್ಧ ಚೆರೋಕಿ ಹೇಳುವ ಸಾಕ್ಷಿ ಕೋರ್ಟಿನಲ್ಲಿ ನಡೆಯದಂತಾಯಿತು. ಹೊಲ ಕಿತ್ತುಕೊಂಡವನ ಮೇಲೆ ದೂರು ಕೊಟ್ಟರೂ ಬಾಯಿ ಬಿಡುವಂತಿಲ್ಲ! ಅಧ್ಯಕ್ಷ ಆಂಡ್ರ್ಯೂ ಜ್ಯಾಕ್ಸನ್ 1830ರ ಮೇ 28ರಂದು ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಕಳಿಸುವ ಸ್ಥಳಾಂತರ ಕಾಯ್ದೆಗೆ ಸಹಿ ಹಾಕಿದರು. ಪ್ರತಿನಿಧಿ ಸಭೆಯಲ್ಲಿ ಅದು 102-97 ಮತಗಳಿಂದ ಪಾಸಾಗಿತ್ತು. ವಿರೋಧಿಸಿದ ಆ 97 ಮಂದಿಯನ್ನು ನೆನೆದರೆ, ಆ ಕಾಲದವರಿಗೆ ಇದರ ಅನ್ಯಾಯ ಗೊತ್ತೇ ಇರಲಿಲ್ಲ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ.

ಚೆರೋಕಿಗಳು ಕೋರ್ಟಿಗೆ ಹೋದರು. ಅವರ ಮುಖ್ಯಸ್ಥ ಜಾನ್ ರಾಸ್ ಯುದ್ಧಕ್ಕಿಂತ ಕಾನೂನನ್ನು ನಂಬಿದವರು. ಜಾರ್ಜಿಯಾಕ್ಕೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದೆ ಜೈಲು ಸೇರಿದ್ದ ಮಿಷನರಿ ಸ್ಯಾಮ್ಯುಯೆಲ್ ವೂಸ್ಟರ್ ಪ್ರಕರಣದಲ್ಲಿ, 1832ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಚೆರೋಕಿ ನೆಲದಲ್ಲಿ ಜಾರ್ಜಿಯಾದ ಕಾನೂನು ನಡೆಯದು. ಗೆದ್ದಾಯಿತು. ಆದರೆ ಜ್ಯಾಕ್ಸನ್ ತೀರ್ಪಿನ ಬೆನ್ನಿಗೆ ನಿಲ್ಲಲಿಲ್ಲ, ಜಾರ್ಜಿಯಾ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದೇ ವರ್ಷ ಚೆರೋಕಿ ಭೂಮಿಯನ್ನು 160 ಎಕರೆಯ ತುಂಡುಗಳಾಗಿ, ಚಿನ್ನದ ಸೀಮೆಯಲ್ಲಿ 40 ಎಕರೆಯ ತುಂಡುಗಳಾಗಿ ಅಳೆದು ಲಾಟರಿ ಎತ್ತಿತು. 1835ರಲ್ಲಿ ರಾಸ್ ವಾಷಿಂಗ್ಟನ್ನಿನಿಂದ ಮರಳಿದಾಗ ಅವರ ಸ್ವಂತ ಮನೆಯಲ್ಲಿ ಲಾಟರಿ ಗೆದ್ದವನು ವಾಸವಾಗಿದ್ದ. ಮಾರಿದ್ದಲ್ಲ, ಸಾಲಕ್ಕೆ ಹೋದದ್ದಲ್ಲ. ಯಾರೋ ಚೀಟಿ ಎತ್ತಿದ್ದಕ್ಕೆ ಮನೆ ಹೋಗಿತ್ತು.

ಇಷ್ಟರಲ್ಲಿ ಚೆರೋಕಿಗಳೊಳಗೇ ಬಿರುಕು ಬಿಟ್ಟಿತ್ತು. ಮೇಜರ್ ರಿಡ್ಜ್, ಮಗ ಜಾನ್ ರಿಡ್ಜ್, ಪತ್ರಿಕೆಯ ಮೊದಲ ಸಂಪಾದಕ ಎಲಿಯಾಸ್ ಬುಡಿನೋ ಇನ್ನು ಉಳಿಗಾಲವಿಲ್ಲ ಎಂದುಕೊಂಡರು. 1835ರ ಡಿಸೆಂಬರ್ 29ರಂದು ನ್ಯೂ ಎಕೋಟಾದಲ್ಲಿ ಒಂದು ಸಣ್ಣ ಗುಂಪು, 50 ಲಕ್ಷ ಡಾಲರಿಗೆ ಪೂರ್ವದ ನೆಲವೆಲ್ಲವನ್ನೂ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿತು. ಆ ಅಧಿಕಾರವನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ. ಸಾವಿರಾರು ಚೆರೋಕಿಗಳು ವಿರೋಧಿಸಿ ಮನವಿಗೆ ಸಹಿ ಹಾಕಿದರು. ಆದರೂ ಸೆನೆಟ್‌ನಲ್ಲಿ, ಬೇಕಾದ ಮೂರನೇ ಎರಡರಷ್ಟು ಬಹುಮತ ಒಂದೇ ಮತದ ಅಂತರದಲ್ಲಿ ಸಿಕ್ಕಿ ಅದಕ್ಕೆ ಒಪ್ಪಿಗೆ ಬಿತ್ತು. ಬುಡಿನೋ ಅವರನ್ನು ದ್ರೋಹಿ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಗೆದ್ದ ತೀರ್ಪೂ ಕೈಗೆ ಬಾರದ್ದನ್ನು ಕಂಡವರು ಅವರು. ಆದರೆ ಸಹಿಯ ಬೆಲೆ ತೆತ್ತವರು ಉಳಿದವರು.

1838ರ ಮೇ ಕೊನೆಗೆ ಜನರಲ್ ವಿನ್‌ಫೀಲ್ಡ್ ಸ್ಕಾಟ್ ಅವರ ಸೈನಿಕರು ಮನೆಮನೆಗೆ ಬಂದರು. ಎಷ್ಟೋ ಮನೆಗಳವರು ಉಟ್ಟ ಬಟ್ಟೆಯಲ್ಲೇ ಹೊರಟರು. ಮರದ ದಿಮ್ಮಿಗಳ ಬೇಲಿಯೊಳಗೆ ಕೂಡಿಹಾಕಿದ ಜನ ಆ ಬೇಸಿಗೆಯಲ್ಲಿ ಭೇದಿ, ದಡಾರ, ನಾಯಿಕೆಮ್ಮಿಗೆ ಬಲಿಯಾದರು. ಮಕ್ಕಳು, ಮುದುಕರೇ ಹೆಚ್ಚು. ಶರತ್ಕಾಲದಲ್ಲಿ ರಾಸ್ ಮೇಲ್ವಿಚಾರಣೆಯಲ್ಲಿ ತಂಡ ತಂಡವಾಗಿ ಸಾವಿರಕ್ಕೂ ಹೆಚ್ಚು ಕಿಲೋಮೀಟರಿನ ದಾರಿ ಹಿಡಿದರು. ನಡುಚಳಿಗಾಲದಲ್ಲಿ ಮಿಸಿಸಿಪ್ಪಿ ನದಿಯ ತುಂಬ ಮಂಜುಗಡ್ಡೆ. ದಾಟಲಾಗದೆ ಇಲಿನಾಯ್ ದಡದಲ್ಲಿ ದಿನಗಟ್ಟಲೆ ಕಾದರು. ರಾಸ್ ಅವರ ಹೆಂಡತಿ ಕ್ವಾಟಿ ದಾರಿಯಲ್ಲೇ ತೀರಿಕೊಂಡರು. ಹೊರಟ ಸುಮಾರು 16,000 ಜನರಲ್ಲಿ ಸತ್ತವರು ನಾಲ್ಕು ಸಾವಿರ ಎಂಬುದು ಹೆಚ್ಚಾಗಿ ಕೇಳಿಬರುವ ಅಂದಾಜು. 'ಕಣ್ಣೀರಿನ ದಾರಿ' ಎಂಬ ಹೆಸರು ಉಳಿದುಕೊಂಡಿತು.

ಆ ದಾರಿಯಲ್ಲಿ ನಡೆದವರಲ್ಲಿ ಕರಿಯ ಗುಲಾಮರೂ ಇದ್ದರು, ಇದನ್ನು ಬಿಟ್ಟು ಹೇಳಿದರೆ ಕಥೆ ಅರ್ಧವಾಗುತ್ತದೆ. 1835ರ ಗಣತಿಯ ಪ್ರಕಾರ ಚೆರೋಕಿಗಳ ಬಳಿ 1,592 ಗುಲಾಮರಿದ್ದರು.

1839ರ ಜೂನ್ 22ರಂದು ಇಬ್ಬರು ರಿಡ್ಜ್‌ಗಳನ್ನೂ ಬುಡಿನೋ ಅವರನ್ನೂ ಸ್ವಜನರೇ ಕೊಂದರು. ಅನುಮತಿಯಿಲ್ಲದೆ ನೆಲ ಮಾರಿದವರಿಗೆ ಚೆರೋಕಿ ಕಾನೂನಿನಲ್ಲಿ ಮರಣವೇ ಶಿಕ್ಷೆ. ಹಾಗೆ ನೆಲ ಮಾರಿದ ಡಬಲ್‌ಹೆಡ್ ಎಂಬ ನಾಯಕನನ್ನು 1807ರಲ್ಲಿ ಕೊಂದವರಲ್ಲಿ ಮೇಜರ್ ರಿಡ್ಜ್ ಕೂಡ ಒಬ್ಬರಾಗಿದ್ದರು.

ಎಲ್ಲರೂ ಹೋಗಲಿಲ್ಲ. ನಾರ್ತ್ ಕೆರೊಲಿನಾದ ಬೆಟ್ಟಗಳಲ್ಲಿ ಉಳಿದವರ ಸಂತತಿ ಇವತ್ತಿಗೂ ಅಲ್ಲೇ ಇದೆ. ಹೋದವರು ಓಕ್ಲಹೋಮಾದ ಟಾಲೆಕ್ವಾದಲ್ಲಿ ಹೊಸ ರಾಜಧಾನಿ ಕಟ್ಟಿದರು. ನ್ಯೂ ಎಕೋಟಾ ಒಪ್ಪಂದದ ಏಳನೇ ವಿಧಿಯಲ್ಲಿ ಇನ್ನೊಂದು ಮಾತಿತ್ತು: ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಚೆರೋಕಿಗಳಿಗೆ ಒಬ್ಬ ಪ್ರತಿನಿಧಿ. ಅದನ್ನು ನೆನಪಿಸಿ 2019ರಲ್ಲಿ ಅವರು ಕಿಂಬರ್ಲಿ ಟೀಹಿ ಅವರನ್ನು ನೇಮಿಸಿದರು. 2022ರಲ್ಲಿ ಸಭೆಯ ನಿಯಮ ಸಮಿತಿ ವಿಚಾರಣೆಯನ್ನೂ ನಡೆಸಿತು. ನೆಲ ಕಿತ್ತುಕೊಳ್ಳಲು ಆ ಒಪ್ಪಂದ ಮೂರೇ ವರ್ಷದಲ್ಲಿ ಜಾರಿಯಾಗಿತ್ತು. ಕುರ್ಚಿಯನ್ನು ಇನ್ನೂ ಕೊಟ್ಟಿಲ್ಲ.