ಅಶೋಕನ ನಕಲುಗಳು, ಅಕ್ಕಿ ಗಿರಣಿಯ ಲೆಕ್ಕ

ಕಾರಟಗಿ ಕಡೆಯ ಒಂದು ಅಕ್ಕಿ ಗಿರಣಿಯಲ್ಲಿ ಕಳೆದ ಸುಗ್ಗಿಗೆ ಕಂಪ್ಯೂಟರಿಗೂ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದರು. ಖರೀದಿ ಬಿಲ್‌ಗಳಿಗೂ ದಾಸ್ತಾನು ಪುಸ್ತಕಕ್ಕೂ ತಾಳೆಯಾಗುತ್ತಿರಲಿಲ್ಲ. ಪುಸ್ತಕದಲ್ಲಿದ್ದಷ್ಟು ಭತ್ತ ಗೋದಾಮಿನಲ್ಲಿ ಇರುತ್ತಿರಲಿಲ್ಲ. ಮೊದಲು ಅನುಮಾನ ಹಮಾಲರ ಮೇಲೆ ಬಿತ್ತು, ಆಮೇಲೆ ರಾತ್ರಿ ಕಾವಲುಗಾರನ ಮೇಲೆ, ಕೊನೆಗೆ ಊರವರ ಕೆಟ್ಟ ದೃಷ್ಟಿಯ ಮೇಲೆ. ಪ್ರೋಗ್ರಾಮ್ ಬರೆಯುವ ನನ್ನನ್ನು ಕರೆದದ್ದು ಇದೆಲ್ಲ ಮುಗಿದ ಮೇಲೆ.

ಪ್ರೋಗ್ರಾಮಿನ ಬರಹವನ್ನು, ಅಂದರೆ ಕೋಡನ್ನು, ತೆರೆದು ನೋಡಿದೆ. ಭತ್ತದ ತೇವಾಂಶ ಶೇಕಡಾ 17 ಮೀರಿದರೆ, ಮೀರಿದ ಪ್ರತಿ ಅಂಶಕ್ಕೆ ಕ್ವಿಂಟಲ್‌ಗೆ ಒಂದು ಕೆ.ಜಿ. ಕಡಿತ ಎಂಬುದು ಆ ಗಿರಣಿಯ ಪದ್ಧತಿಯಾಗಿತ್ತು. ಸಾಹುಕಾರರು ಅದನ್ನು 16ಕ್ಕೆ ಇಳಿಸಿದ್ದರು. ಆದರೆ ಈ ಲೆಕ್ಕ ಪ್ರೋಗ್ರಾಮಿನಲ್ಲಿ ಆರು ಕಡೆ ಕುಳಿತಿತ್ತು: ವೇಬ್ರಿಡ್ಜ್ ಚೀಟಿ, ಖರೀದಿ ಬಿಲ್, ರೈತರ ಖಾತೆ, ದಲಾಲರ ಖಾತೆ, ದಿನದ ವರದಿ, ದಾಸ್ತಾನು ಪುಸ್ತಕ. ಯಾರೋ ಐದು ಕಡೆ ತಿದ್ದಿ ಆರನೆಯದನ್ನು ಮರೆತಿದ್ದರು. ಒದ್ದೆ ಭತ್ತ ನೂರು ಕ್ವಿಂಟಲ್ ಬಂದಾಗಲೆಲ್ಲ ದಾಸ್ತಾನು ಪುಸ್ತಕದಲ್ಲಿ ಒಂದು ಕ್ವಿಂಟಲ್ ಹೆಚ್ಚಿಗೆ ಏರುತ್ತಿತ್ತು. ಕಳ್ಳನೂ ಇರಲಿಲ್ಲ, ಕಳವೂ ಆಗಿರಲಿಲ್ಲ. ಆ ಆರನೆಯ ಜಾಗದ ಮೇಲೆ ಒಂದು ಟಿಪ್ಪಣಿ ಮಾತ್ರ ಇತ್ತು: ‘ನಡೆಯುತ್ತಿದೆ, ಮುಟ್ಟಬೇಡಿ.’

ನಿಂಬೆಹಣ್ಣಿಗಿಂತ ನನಗೆ ಸಿಟ್ಟು ಬಂದದ್ದು ಈ ಟಿಪ್ಪಣಿಯ ಮೇಲೆ. ಸಾಹುಕಾರರಿಗೆ ಕಂಪ್ಯೂಟರ್ ಗೊತ್ತಿಲ್ಲ, ಅವರು ನಿಂಬೆಹಣ್ಣು ಕಟ್ಟಿದರು. ಕಂಪ್ಯೂಟರ್ ಓದಿದವನೊಬ್ಬ ಅದೇ ಭಯವನ್ನು ಕೋಡಿನೊಳಗೆ ಕಟ್ಟಿಹೋಗಿದ್ದ. ಹುಣಸೆಮರದ ಕೆಳಗೆ ರಾತ್ರಿ ಹೋಗಬಾರದು ಎನ್ನುವಂತೆ, ಈ ಫಂಕ್ಷನ್ನಿನೊಳಗೆ, ಅಂದರೆ ಕೋಡಿನ ಈ ತುಂಡಿನೊಳಗೆ, ಹೋಗಬಾರದು! ಭಯಕ್ಕೆ ಮದ್ದು ಅಳತೆ. ಕೋಡಿನ ಸಿಕ್ಕನ್ನು ಅಳೆಯಬಹುದು, ಅದಕ್ಕೆ ಒಂದು ಸಂಖ್ಯೆ ಕೊಡಬಹುದು ಎಂದು 1976ರಲ್ಲಿಯೇ ಅಮೆರಿಕದ ಥಾಮಸ್ ಮೆಕೇಬ್ ತೋರಿಸಿಕೊಟ್ಟಿದ್ದಾನೆ. ಅದರ ಹೆಸರು ಸೈಕ್ಲೊಮ್ಯಾಟಿಕ್ ಕಾಂಪ್ಲೆಕ್ಸಿಟಿ. ಹೆಸರು ಕೇಳಿ ಹೆದರಬೇಡಿ. ಹರಿಗೋಲು ಹತ್ತಿದವರಿಗೆಲ್ಲ ಅದು ಅರ್ಥವಾಗುತ್ತದೆ.

ಆನೆಗೊಂದಿಯ ಬಳಿ ತುಂಗಭದ್ರೆ ನವಬೃಂದಾವನದ ನಡುಗಡ್ಡೆಯನ್ನು ಬಳಸಿ ಹರಿಯುತ್ತದೆ. ನೀರು ಎರಡಾಗಿ ಒಡೆಯುತ್ತದೆ, ಮುಂದೆ ಕೂಡುತ್ತದೆ. ಪ್ರೋಗ್ರಾಮಿನ ಒಂದು ‘ಇಫ್’, ಅಂದರೆ ‘ಹೀಗಿದ್ದರೆ ಇದು, ಇಲ್ಲದಿದ್ದರೆ ಅದು’ ಎಂಬ ಷರತ್ತು, ಇಂಥ ಒಂದು ನಡುಗಡ್ಡೆ. ಮೆಕೇಬ್‌ನ ಲೆಕ್ಕ ಇಷ್ಟೇ: ನಡುಗಡ್ಡೆಗಳನ್ನು ಎಣಿಸಿ, ಒಂದು ಕೂಡಿಸಿ. ನಡುಗಡ್ಡೆಯೇ ಇಲ್ಲದ ನೇರ ಹೊಳೆಯ ಸಂಖ್ಯೆ 1. ಲೂಪ್, ಅಂದರೆ ಅದೇ ಕೆಲಸ ಮತ್ತೆ ಮತ್ತೆ ಸುತ್ತುವುದು, ಬಂದರೆ? ಪಂಪಿನಿಂದ ಎತ್ತಿದ ನೀರು ಮೇಲಿನ ಹೊಲದಿಂದ ಮತ್ತೆ ಹಳ್ಳಕ್ಕೇ ಇಳಿದಂತೆ. ಆ ಸುತ್ತಿನೊಳಗೂ ಒಂದಿಷ್ಟು ನೆಲ ಸಿಕ್ಕಿಬಿದ್ದಿರುತ್ತದೆ, ಅದನ್ನೂ ಎಣಿಸಬೇಕು.

ಈಗ ಹತ್ತು ನಡುಗಡ್ಡೆಗಳು ಸಾಲಾಗಿವೆ ಎನ್ನಿ. ಪ್ರತಿಯೊಂದರಲ್ಲೂ ಎಡಕ್ಕೋ ಬಲಕ್ಕೋ ಹೋಗಬಹುದು. ಒಟ್ಟು ದಾರಿ 1024. ಅಷ್ಟೂ ದಾರಿಗಳಲ್ಲಿ ಹರಿಗೋಲು ಬಿಟ್ಟು ಪರೀಕ್ಷಿಸಲು ಅಂಬಿಗನಿಗೆ ವರ್ಷಗಳೇ ಹಿಡಿದಾವು. ಆದರೆ ಅವನು ಮೊದಲ ಸಲ ಎಲ್ಲ ಕಡೆಯೂ ಎಡಕ್ಕೇ ಹೋಗಲಿ. ಎರಡನೆಯ ಸಲ ಮೊದಲ ನಡುಗಡ್ಡೆಗೆ ಮಾತ್ರ ಬಲಕ್ಕೆ, ಉಳಿದವಕ್ಕೆ ಎಡಕ್ಕೆ. ಮೂರನೆಯ ಸಲ ಎರಡನೆಯದಕ್ಕೆ ಮಾತ್ರ ಬಲಕ್ಕೆ. ಹೀಗೆ ಹನ್ನೊಂದು ಸಲ ಹೋಗಿಬಂದರೆ ಹೊಳೆಯ ಪ್ರತಿ ಕವಲೂ ಒಮ್ಮೆಯಾದರೂ ಕಂಡಂತಾಯಿತು. ಉಳಿದ ದಾರಿಗಳೆಲ್ಲ ಈ ಹನ್ನೊಂದರ ಕೂಡು-ಕಳೆ. ಮೆಕೇಬ್ ಸಂಖ್ಯೆ ಹೇಳುವುದು ಈ ಹನ್ನೊಂದನ್ನು. ಮೂರನೆಯದಕ್ಕೆ ಬಲ, ಏಳನೆಯದಕ್ಕೂ ಬಲ ಹಿಡಿದಾಗ ಮಾತ್ರ ಸಿಗುವ ಸುಳಿಯೊಂದಿದ್ದರೆ ಅದು ಈ ಹನ್ನೊಂದು ಪ್ರಯಾಣಗಳಲ್ಲಿ ಸಿಗದು. ಅಷ್ಟು ಮಿತಿ ಇದಕ್ಕಿದೆ. ಒಂದು ಫಂಕ್ಷನ್ನಿಗೆ 10 ದಾಟದಿದ್ದರೆ ಒಳ್ಳೆಯದು ಎಂದ ಮೆಕೇಬ್‌ನೇ ಆ 10ರಲ್ಲಿ ಮಂತ್ರವೇನೂ ಇಲ್ಲವೆಂದೂ ಸೇರಿಸಿದ್ದ.

ಈ ಗಣಿತದ ಬೇರು ಕೂಡ ನಡುಗಡ್ಡೆಯಲ್ಲೇ ಇದೆ ಎನ್ನುವುದು ನನಗೆ ಬಹಳ ಖುಷಿ ಕೊಡುವ ಸಂಗತಿ. ಕೋನಿಗ್ಸ್‌ಬರ್ಗ್ ಪಟ್ಟಣದ ಪ್ರೆಗೆಲ್ ನದಿಯ ನಡುವೆ ದ್ವೀಪ, ಸುತ್ತ ಏಳು ಸೇತುವೆಗಳು. ಯಾವ ಸೇತುವೆಯನ್ನೂ ಎರಡು ಸಲ ದಾಟದೆ ಎಲ್ಲವನ್ನೂ ದಾಟಿ ಬರಬಹುದೇ? ಆಗದು ಎಂದು ಗಣಿತಜ್ಞ ಆಯ್ಲರ್ 1736ರಲ್ಲಿ ಸಾಧಿಸಿದ. ಬಿಂದುಗಳನ್ನು ಗೆರೆಗಳಿಂದ ಜೋಡಿಸಿ ನೋಡುವ ಗ್ರಾಫ್ ಸಿದ್ಧಾಂತ ಅಲ್ಲಿ ಹುಟ್ಟಿತು; ಮೆಕೇಬ್‌ನ ಲೆಕ್ಕ ಅದರದೇ ಕೂಸು.

ಇರಲಿ, ಗಿರಣಿಗೆ ಬರೋಣ. ನಮ್ಮ ತೇವಾಂಶದ ಲೆಕ್ಕವನ್ನು ಮೆಕೇಬ್ ತಕ್ಕಡಿಗೆ ಹಾಕಿದರೆ ಸಿಕ್ಕಿದ್ದು ಬರೀ 2. ಒಂದೇ ಷರತ್ತು, ಒಂದೇ ನಡುಗಡ್ಡೆ. ಆರೂ ಕಡೆ ಅಷ್ಟೇ. ಅಂದರೆ ರೋಗ ಸಿಕ್ಕಿನದಲ್ಲ, ನಕಲಿನದು. ಅದನ್ನು ಹಿಡಿಯಲು ಬೇರೆ ಅಳತೆ ಬೇಕು.

ನಕಲುಗಳ ವಿಷಯದಲ್ಲಿ ನಮ್ಮ ಜಿಲ್ಲೆಗಳಿಗೆ ಎರಡು ಸಾವಿರ ವರ್ಷ ಮೀರಿದ ಅನುಭವವಿದೆ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಒಂದು ಬಂಡೆಶಾಸನ ಕಂಡ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಂಪಿಯ’, ‘ಪಿಯದಸಿ’ ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯಲ್ಲಿ ‘ಅಸೋಕ’ ಎಂಬ ಹೆಸರೇ ಇತ್ತು. 1931ರಲ್ಲಿ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು ಬೆಟ್ಟಗಳಲ್ಲಿ ಅದೇ ಒಕ್ಕಣೆ ಸಿಕ್ಕಿತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲಿಯೂ ಸಿಕ್ಕಿತು. ಒಬ್ಬ ದೊರೆ, ಒಂದು ಆಜ್ಞೆ, ಊರೂರಿಗೆ ಒಂದೊಂದು ಪ್ರತಿ.

ಕೋಡ್ ನಕಲುಗಳನ್ನು ತಂತ್ರಾಂಶ ಪಂಡಿತರು ನಾಲ್ಕು ಬಗೆ ಮಾಡುತ್ತಾರೆ. ನನಗಂತೂ ನಾಲ್ಕೂ ಬಂಡೆಯ ಮೇಲೆ ಕಾಣುತ್ತವೆ. ಅಕ್ಷರಕ್ಕೆ ಅಕ್ಷರ ಒಂದೇ ಆಗಿರುವುದು ಮೊದಲ ಬಗೆ. ಹೆಸರು ಮಾತ್ರ ಬದಲಾಗಿರುವುದು ಎರಡನೆಯದು. ಒಂದು ಕಡೆ ಬಿರುದು, ಇನ್ನೊಂದು ಕಡೆ ‘ಅಸೋಕ’. ನಾಲ್ಕು ಸಾಲು ಸೇರಿಯೋ ಬಿಟ್ಟೋ ಹೋಗಿರುವುದು ಮೂರನೆಯದು. ಮಸ್ಕಿಯಲ್ಲಿ ಇಲ್ಲದ ಎರಡನೆಯ ಭಾಗ ನಿಟ್ಟೂರಿನಲ್ಲಿದೆ. ಮಾತೇ ಬೇರೆಯಾಗಿ ಅರ್ಥ ಒಂದೇ ಆಗಿರುವುದು ನಾಲ್ಕನೆಯದು. ಅಫ್ಘಾನಿಸ್ತಾನದ ಕಂದಹಾರದ ಒಂದು ಬಂಡೆಯ ಮೇಲೆ ಅಶೋಕನ ಸಂದೇಶ ಗ್ರೀಕ್ ಮತ್ತು ಅರಮೇಯಿಕ್ ಎರಡರಲ್ಲೂ ಇದೆ. ಈ ಕೊನೆಯ ಬಗೆಯನ್ನು ಹಿಡಿಯಲು ಇಂದಿಗೂ ಯಂತ್ರಗಳು ತಿಣುಕುತ್ತವೆ.

ಮೊದಲ ಎರಡು ಬಗೆಗಳನ್ನು ಹಿಡಿಯುವ ಉಪಾಯ ಮಾತ್ರ ಸೊಗಸಾದದ್ದು. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಕ್ಕೆ ಹೋಗಿ ನೋಡಿ: ಒಂದು ಪ್ಯಾಂಟು ಕಪ್ಪು, ಒಂದು ನೀಲಿ, ಗುಂಡಿಗಳೂ ಬೇರೆ. ಕಟಿಂಗ್ ಮಾಸ್ಟರ್ ಬಣ್ಣ ನೋಡುವುದೇ ಇಲ್ಲ. ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಎರಡೂ ಒಂದೇ ಅಳತೆ ಎನ್ನುತ್ತಾನೆ. ನಕಲು ಹುಡುಕುವ ಸಾಧನವೂ ಹೆಸರುಗಳನ್ನೆಲ್ಲ ಅಳಿಸಿ ಎಲ್ಲಕ್ಕೂ ಒಂದೇ ಗುರುತು ಹಾಕುತ್ತದೆ. ಆಮೇಲೆ ಕೋಡನ್ನು ಐವತ್ತೋ ನೂರೋ ತುಣುಕುಗಳ (ಪದ, ಚಿಹ್ನೆಗಳ) ಕಿಟಕಿಯಲ್ಲಿ ನೋಡುತ್ತ, ಪ್ರತಿ ಕಿಟಕಿಗೂ ಒಂದು ಸಂಖ್ಯೆ ಲೆಕ್ಕ ಹಾಕುತ್ತದೆ. ಎರಡು ಕಿಟಕಿಗಳಿಗೆ ಒಂದೇ ಸಂಖ್ಯೆ ಬಂದರೆ ನಕಲಿನ ಅನುಮಾನ. ಕಿಟಕಿ ಒಂದು ತುಣುಕು ಮುಂದೆ ಸರಿದಾಗ ಎಲ್ಲವನ್ನೂ ಹೊಸದಾಗಿ ಕೂಡಬೇಕಿಲ್ಲ: ಹಿಂದಿನಿಂದ ಬಿದ್ದದ್ದನ್ನು ಕಳೆ, ಮುಂದೆ ಬಂದದ್ದನ್ನು ಸೇರಿಸು. ಕಂಪ್ಯೂಟರ್ ವಿಜ್ಞಾನಿಗಳಾದ ಕಾರ್ಪ್ ಮತ್ತು ರಾಬಿನ್ 1987ರಲ್ಲಿ ಪ್ರಕಟಿಸಿದ ಈ ತಂತ್ರದಿಂದಾಗಿ ಲಕ್ಷ ಸಾಲುಗಳ ಜರಡಿ ಹಿಡಿಯುವುದು ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ.

ಸಾಧನ ತೋರಿಸಿದ್ದನ್ನೆಲ್ಲ ಒಂದು ಮಾಡಿಬಿಡುವ ಉತ್ಸಾಹವೂ ಅಪಾಯವೇ. ಅದೇ ಪ್ರೋಗ್ರಾಮಿನಲ್ಲಿ 75 ಎಂಬ ಅಂಕಿ ಎರಡು ಕಡೆ ಇತ್ತು. ಒಂದು ಭತ್ತದ ಚೀಲದ ತೂಕ. ನಮ್ಮ ಕಡೆ ದರ ಮಾತಾಡುವುದೇ 75 ಕೆ.ಜಿ. ಚೀಲಕ್ಕೆ. ಇನ್ನೊಂದು ವರದಿಯ ಒಂದು ಪುಟಕ್ಕೆ ಎಷ್ಟು ಸಾಲು ಎಂಬುದು. ಇವೆರಡನ್ನೂ ಒಂದು ಮಾಡಿದ್ದರೆ, ನಾಳೆ ಸಣ್ಣ ಹಾಳೆ ತಂದ ದಿನ ಚೀಲದ ತೂಕವೂ ಇಳಿಯುತ್ತಿತ್ತು! ಕೇಳಬೇಕಾದ ಪ್ರಶ್ನೆ ‘ಇವು ಒಂದೇ ಥರ ಇವೆಯೇ’ ಎಂದಲ್ಲ, ‘ಒಂದು ಬದಲಾದರೆ ಇನ್ನೊಂದೂ ಬದಲಾಗಬೇಕೇ’ ಎಂದು. ತೇವಾಂಶದ ಆರು ಲೆಕ್ಕಗಳಿಗೆ ಉತ್ತರ ಹೌದು. ಆರನ್ನೂ ಕಿತ್ತು ಒಂದು ಫಂಕ್ಷನ್ ಮಾಡಿದೆ, 16 ಎಂಬ ಅಂಕಿಯನ್ನು ಸಾಹುಕಾರರೇ ಬದಲಿಸಬಹುದಾದ ಒಂದು ಕೋಷ್ಟಕಕ್ಕೆ ಹಾಕಿದೆ. ಜೊತೆಗೆ ಹಮಾಲಿ ದರದ ಹದಿಮೂರು ‘ಇಫ್’ಗಳ ಸರಪಣಿಯೂ ಕೋಷ್ಟಕವಾಯಿತು; 14 ಇದ್ದ ಸಂಖ್ಯೆ 2ಕ್ಕೆ ಇಳಿಯಿತು.

ಸಂಜೆ ಹಣ ಕೇಳಲು ಹೋದೆ. ‘ಎಷ್ಟು ಸಾಲು ಬರೆದಿರಿ ತಮ್ಮಾ?’ ಎಂದರು ಸಾಹುಕಾರರು. ಬರೆದದ್ದು ಮೂವತ್ತು, ಅಳಿಸಿದ್ದು ಇನ್ನೂರ ಹನ್ನೆರಡು ಎಂದೆ. ಸಾಲುಗಳನ್ನು ಗಳಿಕೆ ಎಂದಲ್ಲ, ಖರ್ಚು ಎಂದು ಲೆಕ್ಕ ಹಿಡಿಯಬೇಕೆಂದು ಡೈಕ್‌ಸ್ಟ್ರ ಎಂಬ ದೊಡ್ಡ ವಿಜ್ಞಾನಿ ಹೇಳಿದ್ದಾನೆ ಎಂದೂ ವಿವರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಅಂದರೆ ಅಳಿಸಿದ್ದಕ್ಕೂ ದುಡ್ಡು ಕೊಡಬೇಕೇ?’