ಡುಶಾಂಪ್‌ನಿಂದ ಎನ್‌ಎಫ್‌ಟಿವರೆಗೆ: ಶೆರಿ ಲೆವೀನ್ ಹತ್ರ ಸಿಕ್ಕಾಕೊಂಡೋರಿಗೆ ನೋಟ್ಸ್

ಮಾಡರ್ನ್ ಆರ್ಟ್ ಓದ್ತಾ ಇರೋರಿಗೆ ಇದು. ಕ್ಯೂಬಿಸಂ ಅಂದ್ರೇನು, ದಾದಾ ಎಲ್ಲಿ ಹುಟ್ತು ಅನ್ನೋದೆಲ್ಲ ಯಾವ ಪುಸ್ತಕ ತೆಗೆದ್ರೂ ಸಿಗತ್ತೆ, ಅದನ್ನ ಮತ್ತೆ ಬರೆಯೋಕೆ ಹೋಗಲ್ಲ. ಇವತ್ತಿನ ಮೀಮು, ರೀಮಿಕ್ಸು, ಎನ್‌ಎಫ್‌ಟಿ (ಡಿಜಿಟಲ್ ಫೈಲಿನ ಒಡೆತನದ ಸರ್ಟಿಫಿಕೇಟು), ಎಐ ಚಿತ್ರ ಇವಕ್ಕೂ ನೂರು ವರ್ಷದ ಹಿಂದಿನ ಆ ಗಲಾಟೆಗೂ ಏನ್ ಸಂಬಂಧ ಅನ್ನೋದಷ್ಟೇ ಇಲ್ಲಿ. ದಾರಿಯಲ್ಲಿ ಸಿಕ್ಕಾಕೊಳ್ಳೋದು ಶೆರಿ ಲೆವೀನ್ ಹತ್ರ, ಬೇರೆಯವರ ಫೋಟೋಗಳನ್ನೇ ಮತ್ತೆ ಫೋಟೋ ತೆಗೆದ ಅಮೆರಿಕದ ಕಲಾವಿದೆ.

ಮೊದಲು ನನ್ನ ಶಾರ್ಟ್‌ಕಟ್. ಯಾವ ಕೃತಿ ಎದುರಿಗೆ ಬಂದ್ರೂ ಮೂರೇ ಪ್ರಶ್ನೆ ಕೇಳಿ: ಏನನ್ನ ಎತ್ಕೊಂಡ್ರು? ಅದಕ್ಕೆ ಏನ್ ಮಾಡಿದ್ರು? ಕೊನೆಗೆ ಕೈಗೆ ಕೊಟ್ಟಿದ್ದು ಏನನ್ನ? ಎಲ್ರೂ ಮೊದಲೆರಡಕ್ಕೆ ನಿಂತುಬಿಡ್ತಾರೆ, ಆದ್ರೆ ಡಿಜಿಟಲ್ ಆರ್ಟ್ ಅರ್ಥ ಆಗೋದೇ ಮೂರನೇ ಪ್ರಶ್ನೆಯಿಂದ.

ಕೊಲಾಜ್ (ಬೇಗ ಮುಗಿಸ್ತೀನಿ)

1912ರಲ್ಲಿ ಪಿಕಾಸೋ ಒಂದು ಸ್ಟಿಲ್ ಲೈಫ್ ಮಾಡ್ತಾನೆ, ಅದರಲ್ಲಿ ಬೆತ್ತದ ಕುರ್ಚಿ ಹೆಣಿಗೆ ಕಾಣತ್ತೆ. ಅದನ್ನ ಅವನು ಬಿಡಿಸಿಲ್ಲ. ಹೆಣಿಗೆ ಡಿಸೈನ್ ಪ್ರಿಂಟ್ ಆಗಿರೋ ಆಯಿಲ್‌ಕ್ಲಾತ್ ತಂದು ಅಂಟಿಸಿ, ಸುತ್ತ ಫ್ರೇಮ್ ಬದಲು ಹಗ್ಗ ಸುತ್ತಿದಾನೆ. ಅಂದ್ರೆ ಫ್ಯಾಕ್ಟರಿಯಲ್ಲಿ ಅಚ್ಚಾದ ಮಾಲು ನೇರವಾಗಿ ಚಿತ್ರದ ಒಳಗೆ ಬಂತು. ಆಮೇಲೆ ಬರ್ಲಿನ್ನಿನ ದಾದಾ ಗುಂಪಿನ (ಕಲೆಯ ರೂಢಿಗಳನ್ನೇ ಗೇಲಿ ಮಾಡ್ತಿದ್ದೋರು) ಹಾನಾ ಹೋಕ್, ರಾವುಲ್ ಹೌಸ್‌ಮನ್ ಇವರೆಲ್ಲ ಪತ್ರಿಕೆಗಳ ಫೋಟೋ ಕತ್ತರಿಸಿ, ಮಂತ್ರಿ ತಲೆಯನ್ನ ಡ್ಯಾನ್ಸರ್ ಮೈಗೆ ಅಂಟಿಸೋ ಥರದ ಫೋಟೋಮೊಂಟಾಜ್ ಮಾಡಿದ್ರು. ಮೀಮ್ ಮಾಡೋರು ಇವತ್ತು ಮಾಡ್ತಿರೋದು ಇದನ್ನೇ, ಕತ್ತರಿ ಹೋಗಿ ಲೇಯರ್ ಬಂದಿದೆ ಅಷ್ಟೇ.

ರೆಡಿಮೇಡ್

ರೆಡಿಮೇಡ್ ಅಂದ್ರೆ ಅಂಗಡಿಯಲ್ಲಿ ಸಿಗೋ ವಸ್ತುವನ್ನೇ ಕೃತಿ ಅಂತ ಇಡೋದು. ಇಲ್ಲಿಂದ ಎರಡನೇ ಪ್ರಶ್ನೆಗೆ ಉತ್ತರ ಸಣ್ಣದಾಗ್ತಾ ಹೋಗತ್ತೆ. 1917ರಲ್ಲಿ ಫ್ರೆಂಚ್ ಕಲಾವಿದ ಮಾರ್ಸೆಲ್ ಡುಶಾಂಪ್ ನ್ಯೂಯಾರ್ಕಲ್ಲಿ ಒಂದು ಮೂತ್ರದ ಬೇಸಿನ್ ತಗೊಂಡು, ಮಲಗಿಸಿ, 'ಆರ್. ಮಟ್' ಅಂತ ಸೈನ್ ಹಾಕಿ, 'ಫೌಂಟನ್' ಅಂತ ಹೆಸರಿಟ್ಟು ಪ್ರದರ್ಶನಕ್ಕೆ ಕಳಿಸ್ತಾನೆ. ಫೀಸ್ ಕಟ್ಟಿದ ಯಾರ ಕೃತಿಯನ್ನಾದ್ರೂ ಇಡ್ತೀವಿ ಅಂದಿದ್ದ ಸಂಘ ಇದನ್ನ ಮಾತ್ರ ಇಡಲಿಲ್ಲ. ಫೋಟೋಗ್ರಾಫರ್ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಅದರ ಒಂದು ಫೋಟೋ ತೆಗೆದ, ಅಸಲಿ ಬೇಸಿನ್ ಆಮೇಲೆ ಕಳೆದೇ ಹೋಯ್ತು. ಈಗ ಮ್ಯೂಸಿಯಂಗಳಲ್ಲಿರೋ ಬಹುಪಾಲು ಪ್ರತಿಗಳು 1964ರಲ್ಲಿ ಡುಶಾಂಪ್ ಒಪ್ಪಿಗೆ ಮೇಲೆ ಮಾಡಿಸಿದವು. ಇಪ್ಪತ್ತನೇ ಶತಮಾನದ ಅತಿ ಪ್ರಭಾವಿ ಕೃತಿಗಳಲ್ಲಿ ಒಂದು ಅಂತಾರಲ್ಲ, ಅದು ನಮಗೆ ಗೊತ್ತಿರೋದು ಒಂದು ಫೋಟೋ ಮತ್ತೆ ಕೆಲವು ನಕಲಿನ ಮೂಲಕ!

ಐಡಿಯಾನೇ ಯಂತ್ರ

ಅಮೆರಿಕದ ಕಲಾವಿದ ಸಾಲ್ ಲೆವಿಟ್ 1968ರಿಂದ ಗೋಡೆ ಮೇಲಿನ ಚಿತ್ರಗಳನ್ನ ಶುರು ಮಾಡ್ದ. ಇಂಥ ಗೆರೆ ಇಂಥ ದಿಕ್ಕಲ್ಲಿ ಎಳೀರಿ ಅನ್ನೋ ಸೂಚನೆಯೇ ಕೃತಿ, ಗೋಡೆಗೆ ಹಾಕೋದು ಬೇರೆಯವರೂ ಆಗ್ಬಹುದು, ಪ್ರದರ್ಶನ ಮುಗಿದ ಮೇಲೆ ಬಣ್ಣ ಬಳಿದು ಅಳಿಸಿದ್ರೂ ಕೃತಿ ಹೋಗಲ್ಲ, ಯಾಕಂದ್ರೆ ಕೊಂಡೋರ ಹತ್ರ ಇರೋದು ಸರ್ಟಿಫಿಕೇಟು ಮತ್ತೆ ಡಯಾಗ್ರಾಂ. ಕಂಪ್ಯೂಟರ್ ಪ್ರೋಗ್ರಾಂ ಅಂದ್ರೂ ಇಂಥ ಸೂಚನೆಗಳೇ, ಕೋಡ್ ಬರೆಯೋರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ.

ಕಂಪ್ಯೂಟರ್ ಅದಕ್ಕೂ ಮೊದಲೇ ಬಂದಿತ್ತು. ಅಮೆರಿಕದ ಬೆಲ್ ಲ್ಯಾಬ್ಸ್ ಅನ್ನೋ ಸಂಶೋಧನಾಲಯದ ಮೈಕೆಲ್ ನೋಲ್ 1964ರಲ್ಲಿ ಡಚ್ ಪೇಂಟರ್ ಮೊಂಡ್ರಿಯನ್ನನ ಗೆರೆಗಳ ಒಂದು ಚಿತ್ರದ ಮಾದರಿಯಲ್ಲಿ ಕಂಪ್ಯೂಟರಿಂದ ಇನ್ನೊಂದು ಮಾಡಿಸಿ, ಎರಡನ್ನೂ ಜೆರಾಕ್ಸ್ ಹಾಕಿ 100 ಜನಕ್ಕೆ ತೋರಿಸಿದ. ಯಾವುದು ಕಂಪ್ಯೂಟರ್‌ದು ಅಂತ ಸರಿಯಾಗಿ ಹೇಳಿದವರು ಶೇ 28 ಜನ ಮಾತ್ರ, ಕಂಪ್ಯೂಟರ್‌ದೇ ಚೆನ್ನಾಗಿದೆ ಅಂದವರು ಶೇ 59. ಎಐ ಚಿತ್ರ ಬಂದ ಮೇಲೆ ನಡೀತಿರೋ 'ಮನುಷ್ಯಂದಾ ಮಷೀನ್‌ದಾ' ಜಗಳಕ್ಕೆ ಎಷ್ಟು ವಯಸ್ಸಾಗಿದೆ ನೋಡಿ.

ಲೆವೀನ್: ಇಲ್ಲಿ ನಿಧಾನಕ್ಕೆ ಓದಿ

ನಂಗೆ ತಲೆ ಕೆಟ್ಟಿದ್ದು ಇಲ್ಲಿ. ಅಮೆರಿಕದ ಫೋಟೋಗ್ರಾಫರ್ ವಾಕರ್ ಎವನ್ಸ್ 1936ರಲ್ಲಿ ಅಲಬಾಮದ ಬಡ ಗೇಣಿದಾರ ಕುಟುಂಬಗಳ ಫೋಟೋ ತೆಗೆದಿದ್ದ. 1981ರಲ್ಲಿ ಶೆರಿ ಲೆವೀನ್ ಆ ಫೋಟೋಗಳನ್ನ ಒಂದು ಕ್ಯಾಟಲಾಗಿಂದ ಮತ್ತೆ ಫೋಟೋ ತೆಗೆದು ನ್ಯೂಯಾರ್ಕಿನ ಮೆಟ್ರೋ ಪಿಕ್ಚರ್ಸ್ ಗ್ಯಾಲರಿಯಲ್ಲಿ ತೂಗುಹಾಕಿದಳು. ಬಣ್ಣ ಬಳಿದಿಲ್ಲ, ಡುಶಾಂಪ್ ಮೋನಾಲಿಸಾ ಚಿತ್ರಕ್ಕೆ ಬಿಡಿಸಿದ ಥರ ಮೀಸೆ ಇಲ್ಲ, ಕ್ರಾಪ್ ಕೂಡ ಇಲ್ಲ. ಹೆಸರು 'ಆಫ್ಟರ್ ವಾಕರ್ ಎವನ್ಸ್'.

ಪಾಪ್ ಆರ್ಟಿನ ಆಂಡಿ ವಾರ್‌ಹಾಲ್ ಅರ್ಥ ಆಗೋದು ಕಷ್ಟ ಆಗಲ್ಲ. 1962ರಲ್ಲಿ ಮರ್ಲಿನ್ ಮನ್ರೋ ಪಬ್ಲಿಸಿಟಿ ಫೋಟೋ ಎತ್ಕೊಂಡ, ಸಿಲ್ಕ್‌ಸ್ಕ್ರೀನ್ ಮಾಡ್ದ, ಬಣ್ಣ ಬಳಿದ, ಸಾಲಾಗಿ ಒತ್ತಿದ, ಏನೋ ಮಾಡಿದಾನೆ ಅಂತ ಕಣ್ಣಿಗೆ ಕಾಣತ್ತೆ. ಲೆವೀನ್ ವಿಷಯಕ್ಕೆ ಬಂದ್ರೆ ಎರಡೂ ಫೋಟೋ ಪಕ್ಕಪಕ್ಕ ಇಟ್ಟು ಎಷ್ಟು ದಿಟ್ಟಿಸಿದ್ರೂ ಏನೂ ಸಿಗಲ್ಲ. ಸಿಗಲ್ಲ ಅನ್ನೋದೇ ವಿಷಯ. ಬದಲಾವಣೆಯನ್ನ ಚಿತ್ರದ ಒಳಗೆ ಹುಡುಕೋದು ಬಿಟ್ಟು ಅದರ ಸುತ್ತ ಹುಡುಕಿ, ಆಗ ಬಿಡಿಸ್ಕೊಳ್ಳತ್ತೆ.

ಒಂದು, ಕೃತಿಚೌರ್ಯ ಮಾಡೋನು ಮೂಲವನ್ನ ಮುಚ್ಚಿಡ್ತಾನೆ, ಇವಳು ಅದನ್ನ ಶೀರ್ಷಿಕೆಯಲ್ಲೇ ಇಟ್ಟಿದಾಳೆ. ಎರಡು, ಫೋಟೋಗೆ ಪೇಂಟಿಂಗ್ ಥರ ಒಂದೇ ಒಂದು ಅಸಲಿ ಅಂತ ಇರಲ್ಲ, ನೆಗೆಟಿವ್‌ನಿಂದ ಪ್ರಿಂಟು, ಪ್ರಿಂಟಿಂದ ಕ್ಯಾಟಲಾಗು, ಕ್ಯಾಟಲಾಗಿಂದ ಇವಳ ಕ್ಯಾಮೆರಾ. ಈ ಸರಣಿಯಲ್ಲಿ ಯಾವ ಹಂತದವರೆಗೆ ಎವನ್ಸ್‌ದು, ಎಲ್ಲಿಂದ ಲೆವೀನ್‌ದು ಅಂತ ಗೆರೆ ಎಳೆಯೋಕೆ ಹೋದ್ರೆ ಕೈ ನಡುಗತ್ತೆ (ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ 1930ರ ದಶಕದಲ್ಲೇ ಫೋಟೋಗ್ರಫಿ ಬಗ್ಗೆ ಇದನ್ನ ಎತ್ತಿದ್ದ). ಮೂರು, ಅವಳು ಮತ್ತೆ ಮತ್ತೆ ಎತ್ಕೊಂಡಿದ್ದು ಗಂಡಸರ ಕೃತಿಗಳನ್ನ, ಅದೂ ಗಂಡು ಪೇಂಟರ್‌ಗಳ ದೊಡ್ಡ ದೊಡ್ಡ ಕ್ಯಾನ್ವಾಸ್ ಮಾರ್ಕೆಟ್ಟಲ್ಲಿ ಭರ್ಜರಿಯಾಗಿ ಓಡ್ತಿದ್ದ ಕಾಲದಲ್ಲಿ. 'ಮಾಸ್ಟರ್' ಅನ್ನೋ ಪಟ್ಟ ಯಾರಿಗೆ ಸಿಗತ್ತೆ ಅನ್ನೋ ಪ್ರಶ್ನೆ ಲೇಬಲ್ಲಿನ ಮೇಲಿರೋ ಆ ಹೆಣ್ಣು ಹೆಸರಿಂದಾನೇ ಬರತ್ತೆ.

ಈಗ ಮಜಾ. 2001ರಲ್ಲಿ ಮೈಕೆಲ್ ಮಂಡಿಬರ್ಗ್ ಅನ್ನೋ ಕಲಾವಿದ ಅದೇ ಚಿತ್ರಗಳನ್ನ ಸ್ಕ್ಯಾನ್ ಮಾಡಿ ಎರಡು ವೆಬ್‌ಸೈಟಲ್ಲಿ ಹಾಕ್ದ, ಒಂದು ಎವನ್ಸ್ ಹೆಸರಲ್ಲಿ, ಇನ್ನೊಂದು ಲೆವೀನ್ ಹೆಸರಲ್ಲಿ. ಯಾರು ಬೇಕಾದ್ರೂ ಹೈ ರೆಸಲ್ಯೂಷನ್ ಫೈಲ್ ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೀಬಹುದು, ಜೊತೆಗೆ ಅಸಲಿತನದ ಸರ್ಟಿಫಿಕೇಟ್ ಕೂಡ ಇರತ್ತೆ, ಅದನ್ನೂ ನೀವೇ ಪ್ರಿಂಟ್ ತೆಗೆದು ನೀವೇ ಸೈನ್ ಹಾಕ್ಕೋಬೇಕು. ಮೂರನೇ ಪ್ರಶ್ನೆಗೆ ಇಲ್ಲಿ ಉತ್ತರ: ಚಿತ್ರವೂ ಪುಕ್ಕಟೆ, ಕಾಗದವೂ ಪುಕ್ಕಟೆ.

ಎನ್‌ಎಫ್‌ಟಿ ಇದನ್ನ ಅರ್ಧ ಉಳಿಸ್ಕೊಂಡು ಅರ್ಧ ಉಲ್ಟಾ ಮಾಡ್ತು. ಚಿತ್ರ ಎಲ್ರೂ ನೋಡಬಹುದು, ಸೇವ್ ಮಾಡ್ಕೋಬಹುದು, ಕೊರತೆ ಇರೋದು ಸರ್ಟಿಫಿಕೇಟಿಗೆ ಮಾತ್ರ. 2021ರ ಮಾರ್ಚಲ್ಲಿ ಕ್ರಿಸ್ಟೀಸ್ ಹರಾಜಲ್ಲಿ ಬೀಪಲ್ ಅನ್ನೋ ಡಿಜಿಟಲ್ ಕಲಾವಿದನ ಫೈಲು ಸುಮಾರು 6.93 ಕೋಟಿ ಡಾಲರಿಗೆ ಹೋಯ್ತಲ್ಲ, ಕೊಂಡೋರಿಗೆ ಸಿಕ್ಕಿದ್ದರ ಗುಟ್ಟು ಇದೇ, ಲೆವಿಟ್‌ನ ಸರ್ಟಿಫಿಕೇಟಿನ ಮೊಮ್ಮಗ.

ಕೋರ್ಟಿನ ಉತ್ತರ ಬೇರೆ

ಬೇರೆಯವರ ಚಿತ್ರ ಎತ್ಕೊಳ್ಳೋದು ಕಾನೂನು ಪ್ರಕಾರ ಸರಿಯಾ ಅನ್ನೋದು ಇಲ್ಲಿನ ಪ್ರಶ್ನೆ, ಇದನ್ನ ಮೇಲಿನದರ ಜೊತೆ ಬೆರೆಸಬೇಡಿ. ಅಮೆರಿಕದಲ್ಲಿ 2013ರಲ್ಲಿ, ಬೇರೊಬ್ಬರ ಫೋಟೋಗಳನ್ನ ಎತ್ಕೊಂಡಿದ್ದ ಕಲಾವಿದ ರಿಚರ್ಡ್ ಪ್ರಿನ್ಸ್ ಕೇಸಲ್ಲಿ ಅಪೀಲ್ ಕೋರ್ಟು ಅವನ 30 ಕೃತಿಗಳಲ್ಲಿ 25 ಫೇರ್ ಯೂಸ್ (ಅನುಮತಿ ಇಲ್ದೆ ಬಳಸಿದ್ರೂ ಕಾನೂನು ಒಪ್ಪೋ ಬಳಕೆ) ಅಂತು. 2023ರಲ್ಲಿ ಸುಪ್ರೀಂ ಕೋರ್ಟು ವಾರ್‌ಹಾಲ್ ಫೌಂಡೇಷನ್ ವಿರುದ್ಧ 7-2ರಲ್ಲಿ ತೀರ್ಪು ಕೊಡ್ತು. ಲಿನ್ ಗೋಲ್ಡ್‌ಸ್ಮಿತ್ ತೆಗೆದ ಹಾಡುಗಾರ ಪ್ರಿನ್ಸ್‌ನ ಫೋಟೋದಿಂದ ವಾರ್‌ಹಾಲ್ ಮಾಡಿದ್ದ ಚಿತ್ರವನ್ನ 2016ರಲ್ಲಿ ಫೌಂಡೇಷನ್ ಒಂದು ಪತ್ರಿಕೆಗೆ 10,000 ಡಾಲರಿಗೆ ಕೊಟ್ಟಿತ್ತು, ಗೋಲ್ಡ್‌ಸ್ಮಿತ್‌ಗೆ ಏನೂ ಬರಲಿಲ್ಲ. ಕೋರ್ಟು ನೋಡಿದ್ದು ಸ್ಟೈಲ್ ಎಷ್ಟು ಬದಲಾಯ್ತು ಅನ್ನೋದಕ್ಕಿಂತ ಆ ನಿರ್ದಿಷ್ಟ ಬಳಕೆ ಯಾತಕ್ಕೆ ಅನ್ನೋದನ್ನ: ಫೋಟೋ ಆದ್ರೂ ವಾರ್‌ಹಾಲ್ ಚಿತ್ರ ಆದ್ರೂ ಪತ್ರಿಕೆಯಲ್ಲಿ ಪ್ರಿನ್ಸ್ ಬಗೆಗಿನ ಬರಹಕ್ಕೆ ಹಾಕೋ ಭಾವಚಿತ್ರವೇ ಅಲ್ವಾ. ಮ್ಯೂಸಿಯಂ ಗೋಡೆ ಮೇಲೆ ತೂಗಿದ್ರೆ ಏನಾಗ್ತಿತ್ತು ಅನ್ನೋದಕ್ಕೆ ಈ ತೀರ್ಪಲ್ಲಿ ಉತ್ತರ ಹುಡುಕಬೇಡಿ.

ಎಐ

2018ರಲ್ಲಿ ಎಐ ಮಾಡಿದ 'ಎಡ್ಮಂಡ್ ದ ಬೆಲಮಿ' ಭಾವಚಿತ್ರ ಕ್ರಿಸ್ಟೀಸಲ್ಲಿ 4,32,500 ಡಾಲರಿಗೆ ಹೋಯ್ತು. ಮಾಡಿದ್ದು 'ಆಬ್ವಿಯಸ್' ಅನ್ನೋ ಫ್ರೆಂಚ್ ಗುಂಪು, ಸಹಿ ಜಾಗದಲ್ಲಿ ಅಲ್ಗಾರಿದಂನ ಒಂದು ಗಣಿತ ಸೂತ್ರ ಹಾಕಿದಾರೆ. ಮೊದಲ ಪ್ರಶ್ನೆಗೇ ಎರಡು ಉತ್ತರ ಬರತ್ತೆ: ಸಾವಿರಾರು ಹಳೇ ಭಾವಚಿತ್ರ, ಮತ್ತೆ ರಾಬಿ ಬರಾಟ್ ಅನ್ನೋ ಹುಡುಗ ಓಪನ್ ಸೋರ್ಸಾಗಿ ಬಿಟ್ಟಿದ್ದ ಕೋಡು. ಗಲಾಟೆ ಜಾಸ್ತಿ ಆಗಿದ್ದು ಕೋಡಿನ ಬಗ್ಗೆ, ಸತ್ತುಹೋದ ಪೇಂಟರ್‌ಗಳ ಪರವಾಗಿ ಯಾರೂ ಜೋರಾಗಿ ಕೇಳಲಿಲ್ಲ. ಮೂರನೇ ಪ್ರಶ್ನೆ ನಂಗೆ ನಗು ತರಿಸತ್ತೆ. ಇಷ್ಟೆಲ್ಲ ಡಿಜಿಟಲ್ ಆದ್ಮೇಲೂ ಕೊಂಡೋರ ಕೈಗೆ ಕೊಟ್ಟಿದ್ದು ಕ್ಯಾನ್ವಾಸ್ ಮೇಲಿನ ಒಂದೇ ಒಂದು ಪ್ರಿಂಟು, ಅದೂ ಬಂಗಾರದ ಬಣ್ಣದ ಮರದ ಫ್ರೇಮ್ ಹಾಕಿ.